ಅಪ್ಪ ಬಂದರು, ಅವ್ವ ಬಂದಳು

ರಾಯಚೂರು

ಪ್ರೀತಿಯ ತಂಗಿ,

ನಿನ್ನ ಕಾಗದ ಬಂತು. ಕೂಲಿಯ ಮೇಲಿನ ನಿನ್ನ ಸಂಶೋಧನಾ ಪ್ರಬಂಧದ ಅಧ್ಯಾಯ, ಕಥೆ ಎರಡನ್ನೂ ಓದಿದೆ. 'ರೈತನು' ಎಂದು ಬರೆದಾಗ ಗೆಳತಿಯರು ಬೈದರು. 'ಅವನು/ಳು' ಎಂದು ತಿದ್ದಿದಾಗ ಗೈಡ್ ಬೈದರು. ಕೊನೆಗೆ ಎಲ್ಲರನ್ನೂ 'ವ್ಯಕ್ತಿ' ಮಾಡಿಬಿಟ್ಟೆ, ಆಗ ನಿನಗೇ ಓದಲು ಬೇಜಾರಾಯಿತು. "ನನಗ ಬರಿಯೋದಾ ಬ್ಯಾಡ ಅನಸಾಕತ್ತೈತಿ ಅಕ್ಕಾ" ಎಂದು ಕೊನೆಗೆ ಬರೆದಿದ್ದೀಯ.

ಬಿಡುವುದಾದರೆ ಬಿಡು. ಕನ್ನಡದಲ್ಲಿ ಬರೆಯುವವರಿಗೇನೂ ಬರ ಬಂದಿಲ್ಲ. ಆದರೆ ಒಂದು 'ಳು' ಸಲುವಾಗಿ ಬಿಟ್ಟೆ ಅಂತ ಯಾರಿಗೂ ಹೇಳಬೇಡ, ನಗುತ್ತಾರೆ.

ಅಡಿಟಿಪ್ಪಣಿ ಹೇಗೆ ಹಾಕಬೇಕು, ಅಧ್ಯಾಯ ಎಷ್ಟು ಉದ್ದ ಇರಬೇಕು, ಪುಸ್ತಕ ಮಾಡಿದರೆ ಯಾರು ಹಾಕುತ್ತಾರೆ ಅಂತೆಲ್ಲ ಕೇಳಿದ್ದೀಯ. ಅದನ್ನು ನಿನ್ನ ಗೈಡ್ ಹೇಳಲಿ, ಅವರಿಗೆ ಅದಕ್ಕೇ ಸಂಬಳ ಬರುತ್ತದೆ. ನನಗೆ ಹೇಳಲು ಇರುವುದು ಒಂದೇ ಮಾತು. ಅದಕ್ಕೆ ಮೊದಲು ನಿನ್ನ ತಲೆ ಕೆಡಿಸಿದವರ ಲೆಕ್ಕ ಮುಗಿಸೋಣ.

ಗೈಡ್ ಹೇಳಿದ್ದು 'ಅವನು ಅಂದರೆ ಅವಳೂ ಬಂದಳು, ಸುಮ್ನೆ ಯಾಕೆ ಉದ್ದ ಮಾಡುತ್ತೀ' ಅಂತ. ಇದು ಅವರ ಸ್ವಂತ ವಿಚಾರ ಅಲ್ಲ. 1897ರ ಜನರಲ್ ಕ್ಲಾಜಸ್ ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿ ಇದೇ ಮಾತಿದೆ: ಗಂಡಸನ್ನು ಹೇಳುವ ಮಾತಿನಲ್ಲಿ ಹೆಂಗಸೂ ಸೇರಿದ್ದಾಳೆ ಎಂದು ತಿಳಿಯಬೇಕು. ಬ್ರಿಟಿಷರ ಕಾಲದ್ದು, ಈಗಲೂ ಜಾರಿಯಲ್ಲಿದೆ. ಕಾಯ್ದೆ ಪುಸ್ತಕದಲ್ಲಿ ಅದು ನಡೆಯುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರಿನ ನೆಲ್ಲಿನ ಗದ್ದೆಯಲ್ಲಿ ನಡೆಯುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಅಲ್ಲಿ ಹೋಗಿ ನಿಲ್ಲು. ಬದುವಿನ ಮೇಲೆ ನಿಂತವನು ಒಬ್ಬ. ಕೆಸರಿನಲ್ಲಿ ಬಗ್ಗಿ ಸಸಿ ಹಚ್ಚುವವರು ಹೆಚ್ಚುಕಡಿಮೆ ಎಲ್ಲರೂ ಹೆಣ್ಣುಮಕ್ಕಳು. ಅಲ್ಲಿ 'ರೈತನು ನಾಟಿ ಮಾಡುತ್ತಾನೆ' ಎಂದು ಬರೆದರೆ ಅದು ವ್ಯಾಕರಣದ ತಪ್ಪಲ್ಲ, ಸುಳ್ಳು.

ಇನ್ನು ಗೆಳತಿಯರು. ಅವರು ಇಂಗ್ಲಿಷಿನ ಉದಾಹರಣೆ ಕೊಟ್ಟಿದ್ದಾರೆ. ಒಬ್ಬರ ಬಗ್ಗೆ ಬರೆಯುವಾಗಲೂ 'ದೇ', ಅಂದರೆ 'ಅವರು', ಎನ್ನಬಹುದು ಎಂದು ಅಮೆರಿಕದ ಮನಶ್ಶಾಸ್ತ್ರ ಸಂಘದ ಬರವಣಿಗೆ ಕೈಪಿಡಿ 2019ರಲ್ಲಿ ಒಪ್ಪಿತು, ನಿಜ. ಕ್ರಿಕೆಟ್ ನಿಯಮ ಬರೆಯುವ ಎಂಸಿಸಿ 2021ರಲ್ಲಿ 'ಬ್ಯಾಟ್ಸ್‌ಮನ್' ತೆಗೆದು 'ಬ್ಯಾಟರ್' ಮಾಡಿತು, ಅದೂ ನಿಜ. ನಮ್ಮ ಸುಪ್ರೀಂ ಕೋರ್ಟ್ 2023ರ ಆಗಸ್ಟಿನಲ್ಲಿ ಒಂದು ಕೈಪಿಡಿ ಹೊರತಂದು, ಹೆಣ್ಣುಮಕ್ಕಳ ಬಗ್ಗೆ ತೀರ್ಪುಗಳಲ್ಲಿ ಬರುವ ಹಗುರ ಮಾತುಗಳನ್ನು ಬಿಡಿ ಎಂದು ಹೇಳಿತು. ಅದನ್ನು ಹುಡುಕಿ ಓದು, ಓದುವಂಥದ್ದು.

ಆದರೆ ತಂಗಿ, ಇಂಗ್ಲಿಷಿನವರು ಇಷ್ಟು ಗುದ್ದಾಡಿ ಪಡೆದದ್ದು ನಮ್ಮ ಹತ್ತಿರ ಮೊದಲಿನಿಂದ ಇದೆ. 'ಅವರು ಬಂದರು.' ಬಂದದ್ದು ಗಂಡೋ ಹೆಣ್ಣೋ ಗೊತ್ತಾಗದು. ಒಬ್ಬರೋ ಹತ್ತು ಮಂದಿಯೋ, ಅದೂ ಗೊತ್ತಾಗದು. ಹಾಗಾದರೆ ನಮ್ಮ ಜಗಳ ಎಂದೋ ಮುಗಿಯಬೇಕಿತ್ತು, ಅಲ್ವಾ? ಯಾಕೆ ಮುಗಿದಿಲ್ಲ ಅಂದರೆ ಕನ್ನಡದಲ್ಲಿ 'ಅವರು' ಎಲ್ಲರಿಗೂ ಸಿಗುವುದಿಲ್ಲ. ಅದು ಮರ್ಯಾದೆಯ ಜೊತೆ ಬರುತ್ತದೆ. ಮರ್ಯಾದೆ ಯಾರಿಗೆ ಎಷ್ಟು ಅನ್ನುವುದನ್ನು ಜಾತಿ, ಹೊಲ, ನೌಕರಿ ಮೊದಲೇ ಅಳೆದಿಟ್ಟಿರುತ್ತವೆ.

ನಿನ್ನ ಕಥೆಯನ್ನು ಕೆಂಪು ಪೆನ್ನು ಹಿಡಿದು ಓದಿದೆ. ತಿದ್ದಲಿಕ್ಕಲ್ಲ, ಗುರುತು ಹಾಕಲಿಕ್ಕೆ. ಧಣಿ ಬಂದರು. ಮೇಷ್ಟ್ರು ಬಂದರು. ಪಿಡಿಒ ಜೀಪಿನಿಂದ ಇಳಿದರು. ಬಸ್ಸಿನ ಕಂಡಕ್ಟರ್ ಚಿಲ್ಲರೆ ಕೊಡಲಿಲ್ಲ, ಆದರೂ 'ನಕ್ಕರು'. ನಾಟಿಗೆ ಬಂದ ಮುದುಕಿ ಮಾತ್ರ 'ಕುಸಿದು ಬಿದ್ದಳು'. ಆಕೆಗೆ ಧಣಿಗಿಂತ ಇಪ್ಪತ್ತು ವರ್ಷ ಜಾಸ್ತಿ ಅಂತ ನೀನೇ ಹಿಂದಿನ ಪುಟದಲ್ಲಿ ಬರೆದಿದ್ದೀಯ. ಆಕೆಯ ಗಂಡನಿಗೂ 'ಬಂದ', 'ಹೋದ' ಅಷ್ಟೇ. ನೋಡಿದೆಯಾ, ಇಲ್ಲಿ ಗಂಡು ಹೆಣ್ಣು ಎರಡಕ್ಕೂ ಒಂದೇ ಗತಿ. ನಿನ್ನ ಗೆಳತಿಯರ ಕೈಪಿಡಿಯಲ್ಲಿ ಇದಕ್ಕೆ ಜಾಗವೇ ಇಲ್ಲ.

ಇನ್ನೊಂದು ಕಡೆ ಪೆನ್ನು ನಿಂತಿತು. 'ಅಪ್ಪ ಬಂದರು. ಅವ್ವ ರೊಟ್ಟಿ ಬಡಿಯುತ್ತಿದ್ದಳು.' ನಿಮ್ಮ ಮನೆಯಲ್ಲಿ ಹಾಗೆ ಮಾತಾಡುತ್ತೀರಾ? ನಮ್ಮ ಕಡೆ ಬಹಳ ಮನೆಗಳಲ್ಲಿ "ಅಪ್ಪ ಬಂದ", "ಅವ್ವ ಬಂದ್ಳು" ಅಂತಲೇ ಅನ್ನುತ್ತಾರೆ. ಇಬ್ಬರಿಗೂ ಏಕವಚನ, ಇಬ್ಬರ ಮೇಲೂ ಸಲಿಗೆ. ಬರೆಯಲು ಕೂತ ಕೂಡಲೇ ಅಪ್ಪನಿಗೆ ಬಡ್ತಿ ಸಿಕ್ಕಿತು. ಅವ್ವ ಒಲೆಯ ಮುಂದೆ ಇದ್ದ ಹುದ್ದೆಯಲ್ಲೇ ಉಳಿದಳು. ನಿನಗೆ ಇದನ್ನು ಯಾರೂ ಹೇಳಿಕೊಡಲಿಲ್ಲ. ಶಾಲೆಯ ಪುಸ್ತಕದಲ್ಲಿ ಓದಿದ್ದು ತಾನಾಗಿ ಕೈಗೆ ಬಂದಿದೆ.

'ಅವ್ವ ಬಂದರು' ಎಂದು ತಿದ್ದು ಅಂತ ಹೇಳುತ್ತಿಲ್ಲ. ಹಾಗೆ ಬರೆದರೆ ಅವ್ವ ಯಾರದೋ ಬೀಗರ ಮನೆಯವರಂತೆ ಕಾಣುತ್ತಾಳೆ. ಬೇಕಾದರೆ ಅಪ್ಪನನ್ನು ಕೆಳಗಿಳಿಸು, 'ಅಪ್ಪ ಬಂದ' ಅನ್ನು. ಅಥವಾ ಆ ಮನೆಯಲ್ಲಿ ಅಪ್ಪ ಅಂದರೆ ನಿಜವಾಗಿಯೂ ಹೆದರಿಕೆ ಇದ್ದರೆ 'ಬಂದರು' ಇರಲಿ, ಆದರೆ ಹೆದರಿಕೆಯೂ ಕಥೆಯಲ್ಲಿ ಕಾಣಲಿ. ಎರಡರಲ್ಲಿ ಯಾವುದು ಅಂತ ನೀನು ಆರಿಸಿಕೊಳ್ಳಬೇಕು. ಕೈ ತಾನಾಗಿ ಆರಿಸಬಾರದು. ನನ್ನ ಹಟ ಇದೊಂದೇ. ಎಷ್ಟೋ ಹುಡುಗರ ಹತ್ತಿರ ಇದೇ ಹೇಳಿ ಬೇಜಾರು ಹಿಡಿಸಿದ್ದೇನೆ, ಈಗ ನಿನ್ನ ಸರದಿ.

ಈ ಹಟಕ್ಕೆ ಒಂದು ಹಳೇ ಸಿಟ್ಟೂ ಕಾರಣ. ವಯಸ್ಸಿನಲ್ಲಿದ್ದಾಗ ಒಂದು ಕಥೆ ಬರೆದಿದ್ದೆ, ಹತ್ತಿ ಬಿಡಿಸುವ ಹೆಣ್ಣುಮಗಳ ಮೇಲೆ. ಕಥೆಯುದ್ದಕ್ಕೂ ಆಕೆಗೆ 'ಅವರು' ಎಂದೇ ಬರೆದಿದ್ದೆ. ಬೇಕೆಂದೇ ಬರೆದದ್ದು. ಅಚ್ಚಾಗಿ ಬಂದಾಗ ನೋಡಿದರೆ ಎಲ್ಲ ಕಡೆ 'ಅವಳು'. ಸಂಪಾದಕರಿಗೆ ಕಾಗದ ಬರೆದು ಕೇಳಿದೆ. "ಕೂಲಿಯವಳಿಗೆ ಬಹುವಚನ ಹಾಕಿದರೆ ಓದುಗರು ನಗುತ್ತಾರೆ ತಾಯಿ" ಎಂದು ಉತ್ತರ ಬಂತು. ನನಗೆ 'ತಾಯಿ' ಎಂಬ ಮರ್ಯಾದೆ, ಆಕೆಗೆ ಇಲ್ಲ. ಆ ಸಂಪಾದಕರು ಈಗಿಲ್ಲ. ಆ ಸಿಟ್ಟು ಇದೆ, ಹೋಗುವುದೂ ಬೇಡ.

ಅದೇ ಜನ ನನ್ನನ್ನು ಸಮ್ಮೇಳನಕ್ಕೆ ಕರೆದರೆ ಮಹಿಳಾ ಗೋಷ್ಠಿಗೇ ಹಾಕುತ್ತಿದ್ದರು. ಕಥೆಯ ಗೋಷ್ಠಿಗೆ ಗಂಡಸರು, ಮಹಿಳಾ ಗೋಷ್ಠಿಗೆ ನಾವು. ಅದಕ್ಕೇ ನೀನು 'ಲೇಖಕಿ ಅನ್ನಬಾರದು, ಲೇಖಕರು ಅನ್ನಬೇಕು' ಎಂದು ಬರೆದದ್ದು ನನಗೆ ಅರ್ಥವಾಯಿತು. ಅರ್ಥವಾಯಿತು, ಪೂರ್ತಿ ಒಪ್ಪಿಗೆಯಾಗಲಿಲ್ಲ. ಕರ್ನಾಟಕ ಲೇಖಕಿಯರ ಸಂಘ ಕಟ್ಟಿದವರು ಆ ಹೆಸರನ್ನು ತಾವೇ ಎದೆ ಎತ್ತಿ ಇಟ್ಟುಕೊಂಡರು. ಬೇರೆಯವರು ಮೂಲೆಗೆ ಕೂರಿಸಲು ಅನ್ನುವ 'ಲೇಖಕಿ' ಬೇರೆ, ಇದು ಬೇರೆ.

ಇನ್ನು ನಿನ್ನ ಕಥೆಯ ಜೋಗತಿ, ಗಂಡಾಗಿ ಹುಟ್ಟಿ, ಎಲ್ಲಮ್ಮನಿಗೆ ಮುಡಿಪಾಗಿ ಹೆಣ್ಣಾಗಿ ಬಾಳುವವರು. ಇಲ್ಲಿ ನಿನ್ನ ಮೇಲೆ ನನಗೆ ನಿಜವಾಗಿ ಸಿಟ್ಟು ಬಂತು. ಗಂಡು ಹೆಣ್ಣು ಎರಡೂ ಹೇಳಬಾರದು ಅಂತ 'ಆ ವ್ಯಕ್ತಿ ಬಂದಿತು, ಚೌಡಿಕೆ ನುಡಿಸಿತು' ಎಂದು ಬರೆದಿದ್ದೀಯ. ಎಮ್ಮೆ ಬಂದಿತು, ಮಳೆ ಬಂದಿತು, ಆ ಸಾಲಿಗೆ ಒಬ್ಬ ಮನುಷ್ಯರನ್ನು ಸೇರಿಸಿಬಿಟ್ಟೆ. ಲಿಂಗ ತೆಗೆಯಲು ಹೋಗಿ ಮನುಷ್ಯತ್ವವನ್ನೇ ತೆಗೆದೆ. ಜೋಗತಿ ಅನ್ನುವುದು ಅವರೇ ತಮಗೆ ಹೇಳಿಕೊಳ್ಳುವ ಹೆಸರು. ಅದಕ್ಕಾಗಿ ಮನೆ ಬಿಟ್ಟವರಿದ್ದಾರೆ, ಹೊಡೆತ ತಿಂದವರಿದ್ದಾರೆ. ಅದನ್ನು ಒರೆಸಿ 'ವ್ಯಕ್ತಿ' ಮಾಡುವುದು ಯಾವ ಉಪಕಾರ? ಸುಪ್ರೀಂ ಕೋರ್ಟಿನ 2014ರ ತೀರ್ಪು ಕೂಡ ಹೇಳಿದ್ದು ಇದನ್ನೇ, ತಾನು ಯಾರು ಎಂದು ಹೇಳಿಕೊಳ್ಳುವ ಹಕ್ಕು ಅವರವರದು.

ನಮ್ಮ ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಬಂತು. ಪತ್ರಿಕೆಗಳು 'ಅವರು' ಎಂದೇ ಬರೆದವು. ಖುಷಿಯಾಯಿತು. ಆದರೆ ಹುಣ್ಣಿಮೆಗೆ ಹುಲಿಗೆಮ್ಮನ ಗುಡಿಯ ಹುಲಿಗಿಯಲ್ಲಿ ಚೌಡಿಕೆ ಹಿಡಿದು ಕೂತ ಇನ್ನೊಬ್ಬ ಜೋಗತಿಗೆ ಪದ್ಮಶ್ರೀ ಬಂದಿಲ್ಲ. ಅವರ ಬಗ್ಗೆ ನೀನು ಬರೆಯುವಾಗ ಯಾವ ಕ್ರಿಯಾಪದ ಬರುತ್ತದೆ? ನಿನ್ನ ಪರೀಕ್ಷೆ ಅಲ್ಲಿದೆ. ಹೋಗಿ ಅವರನ್ನೇ ಕೇಳು, ಹೇಗೆ ಬರೆಯಲಿ ಅಂತ. ಹೇಳುತ್ತಾರೆ. ಬೈದೂ ಹೇಳಬಹುದು.

ವ್ಯಾಕರಣ ಸರಿಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದೂ ತಿಳಿಯಬೇಡ. ಆಂಧ್ರದಿಂದ ಬಂದ ರೈತರು ನೆಲೆಸಿದ ನಿಮ್ಮ ಕಡೆಯ ಕ್ಯಾಂಪುಗಳಲ್ಲಿ ತೆಲುಗು ಕೇಳಿದ್ದೀಯಲ್ಲ. 'ಆಮೆ ವಚ್ಚಿಂದಿ' ಅಂದರೆ ಆಕೆ ಬಂದಳು. 'ಬರ್ರೆ ವಚ್ಚಿಂದಿ' ಅಂದರೆ ಎಮ್ಮೆ ಬಂತು. ಕ್ರಿಯಾಪದ ಒಂದೇ. ಅಷ್ಟಕ್ಕೇ ತೆಲುಗಿನ ಹೆಣ್ಣುಮಕ್ಕಳಿಗೆ ನಮ್ಮವರಿಗಿಂತ ಬೆಲೆ ಕಡಿಮೆ ಅನ್ನಲಾದೀತೇ? ಫಿನ್ಲೆಂಡಿನ ಭಾಷೆಯಲ್ಲಿ ಅವನಿಗೂ ಅವಳಿಗೂ ಒಂದೇ ಪದ. ಅಲ್ಲಿ 1906ರಲ್ಲೇ ಹೆಂಗಸರಿಗೆ ಮತ ಸಿಕ್ಕಿತು. ಇರಾನಿನ ಪಾರ್ಸಿಯಲ್ಲೂ ಒಂದೇ ಪದ. ಅಲ್ಲಿನ ಹೆಣ್ಣುಮಕ್ಕಳ ಪಾಡು ನೀನು ಸುದ್ದಿಯಲ್ಲಿ ನೋಡುತ್ತಿದ್ದೀಯ.

ಈಗ ನಿನ್ನ ಅಧ್ಯಾಯಕ್ಕೆ ಬರುತ್ತೇನೆ. ಕಥೆಯಲ್ಲಿ 'ಅವರು' ಕೊಡದೆ ಜಿಪುಣತನ ಮಾಡಿದೆ. ಪ್ರಬಂಧದಲ್ಲಿ ಅದೇ 'ಅವರು' ಕೊಟ್ಟು ಹೆಣ್ಣುಮಕ್ಕಳನ್ನು ಮುಚ್ಚಿಟ್ಟೆ. 'ಕೂಲಿಕಾರರು ನಾಟಿ ಮಾಡುತ್ತಾರೆ. ಕೂಲಿಕಾರರಿಗೆ ಕೂಲಿಯಲ್ಲಿ ತಾರತಮ್ಯವಿದೆ.' ಯಾರ ಯಾರ ನಡುವೆ ತಾರತಮ್ಯ, ಮಾರಾಯ್ತಿ? ಕೂಲಿಕಾರರಿಗಿಂತ ಕೂಲಿಕಾರರಿಗೆ ಕಡಿಮೆಯಾ? ಒಂದೇ ಕೆಲಸಕ್ಕೆ ಒಂದೇ ಕೂಲಿ ಎಂಬ ಕಾಯ್ದೆ 1976ರಲ್ಲೇ ಬಂತು. ಆದರೂ ಹೆಣ್ಣಾಳಿಗೆ ಒಂದು ದರ, ಗಂಡಾಳಿಗೆ ಒಂದು ದರ ಅಂತ ಊರಿನಲ್ಲಿ ರಾಜಾರೋಷವಾಗಿ ಹೇಳುತ್ತಾರೆ. ನೀನು ಎರಡು ವರ್ಷ ತಿರುಗಿ ಬರೆದುಕೊಂಡದ್ದೂ ಇದನ್ನೇ. ಅದನ್ನೇ ನಿನ್ನ ಸಮಾನತೆಯ ಭಾಷೆ ನುಂಗಿತು. ಪಹಣಿಯಲ್ಲಿ ಗಂಡನ ಹೆಸರು, ಪ್ರಬಂಧದಲ್ಲಿ 'ಕೂಲಿಕಾರರು'. ಆ ಹೆಣ್ಣುಮಕ್ಕಳು ಎಲ್ಲಿ ಸಿಗಬೇಕು?

ಕನ್ನಡದಲ್ಲಿ ದಾರಿ ಇದೆ. ಹೆಸರಿನಲ್ಲಿ ಹೆಣ್ಣು ಎಂದು ಹೇಳು, ಕ್ರಿಯಾಪದದಲ್ಲಿ ಮರ್ಯಾದೆ ಕೊಡು. 'ಆ ಮುದುಕಿ ಕುಸಿದು ಬಿದ್ದರು.' ಓದಿ ನೋಡು. ಮೊದಲ ಸಲ ಕಿವಿಗೆ ಚುಚ್ಚುತ್ತದೆ. ಧಣಿ ಬಂದರು ಅಂದಾಗ ಯಾಕೆ ಚುಚ್ಚಲಿಲ್ಲ ಅಂತ ನಿನ್ನನ್ನೇ ಕೇಳಿಕೋ. ಎಲ್ಲ ಕಡೆ ಹೀಗೇ ಮಾಡಬೇಕೆಂದಿಲ್ಲ. ಕಥೆಯ ಧಣಿ ಆಡುವ ಮಾತಿನಲ್ಲಿ 'ಅಕಿ ಬಿದ್ಲು' ಅಂತಲೇ ಇರಲಿ, ಅವನ ಬಾಯಿ ತೊಳೆಯುವ ಕೆಲಸ ನಿನ್ನದಲ್ಲ. ಕಥೆ ಹೇಳುವವಳು ನೀನು, ನಿನ್ನ ಬಾಯಿ ನೋಡಿಕೋ.

'ಅವನು/ಳು' ಮಾತ್ರ ಇವತ್ತೇ ತೆಗೆದುಹಾಕು. ಅದನ್ನು ಗಟ್ಟಿಯಾಗಿ ಓದಲು ಬರುವುದಿಲ್ಲ. ಓದಲು ಬಾರದ್ದನ್ನು ನಾನು ಕನ್ನಡ ಅನ್ನುವುದಿಲ್ಲ. ಇದರಲ್ಲಿ ನಿನ್ನ ಗೈಡ್ ಜೊತೆ ನಾನಿದ್ದೇನೆ, ಅವರಿಗೆ ಹೇಳಬೇಡ.

ಕಥೆಯಲ್ಲಿ ಮಳೆ ಬರುವ ಮೊದಲಿನ ಮೂರು ಪುಟ ಬಹಳ ಚೆನ್ನಾಗಿವೆ. ಇದನ್ನು ಮೊದಲೇ ಬರೆಯಬೇಕಿತ್ತು, ಬರೆದಿದ್ದರೆ ಉಳಿದದ್ದನ್ನು ನೀನು ಓದುತ್ತಿರಲಿಲ್ಲ. ಕೂಲಿಯ ಅಧ್ಯಾಯ ತಿದ್ದಿ ಕಳಿಸು. ಮೊಬೈಲಿನಲ್ಲಿ ಕಳಿಸಬೇಡ, ನನ್ನ ಕಣ್ಣಿಗೆ ಹತ್ತುವುದಿಲ್ಲ. ಪ್ರಿಂಟ್ ತೆಗೆಸಿ, ಸಾಲುಗಳ ನಡುವೆ ಜಾಗ ಬಿಡಿಸಿ, ಅಂಚೆಗೆ ಹಾಕು. ಮುದುಕಿಯ ಹೆಸರು ಕಥೆಯಲ್ಲಿ ಎಲ್ಲೂ ಬಂದಿಲ್ಲ. ಧಣಿಯ ನಾಯಿಗೂ ಹೆಸರಿದೆ. ಮುದುಕಿಯ ಹೆಸರನ್ನೂ ಬರೆದು ಕಳಿಸು.

ನಿನ್ನ,
ಅಕ್ಕ