ಆಪ್ತ ಸಮಾಲೋಚಕರ ಸರ್ಟಿಫಿಕೇಟ್ ಪಕ್ಕಕ್ಕಿಡಿ, ರೆಕಾರ್ಡಿಂಗ್ ಕೇಳಿ

ಸಂಪಾದಕರಿಗೆ ನಮಸ್ಕಾರ,

ಹೋದ ತಿಂಗಳು ನಮ್ಮ ಪಿಯು ಕಾಲೇಜಿನಲ್ಲಿ ಆಪ್ತ ಸಮಾಲೋಚಕರ ಕೆಲಸಕ್ಕೆ ಸಂದರ್ಶನ ಇತ್ತು. ಏಳು ವರ್ಷದಿಂದ ಆ ಕೆಲಸದಲ್ಲಿ ನಾನೊಬ್ಬಳೇ ಇದ್ದೆ. ಇನ್ನೊಬ್ಬರು ಬೇಕು ಅಂತ ಕೇಳಿ ಕೇಳಿ ಸಾಕಾಗಿತ್ತು, ಈ ಸಲ ಹೇಗೋ ಒಪ್ಪಿದರು. ಬಂದವರಲ್ಲಿ ಒಬ್ಬರ ಫೈಲ್ ತೆಗೆದರೆ ಹನ್ನೊಂದು ಸರ್ಟಿಫಿಕೇಟ್, ಎಲ್ಲಕ್ಕೂ ಲ್ಯಾಮಿನೇಷನ್. ಎರಡು ದಿನದ ಕಾರ್ಯಾಗಾರ, ಶನಿವಾರ-ಭಾನುವಾರದ ಕೋರ್ಸ್, ಆನ್‌ಲೈನ್ ಡಿಪ್ಲೊಮಾ, ಎಲ್ಲ ಇತ್ತು. ಪ್ರಿನ್ಸಿಪಾಲರು ಖುಷಿಯಾಗಿ ತಲೆಯಾಡಿಸಿದರು. ನಾನು ಒಂದೇ ಪ್ರಶ್ನೆ ಕೇಳಿದೆ. "ನೀವು ಒಬ್ಬ ವಿದ್ಯಾರ್ಥಿ ಜೊತೆ ಮಾತಾಡಿದ್ದನ್ನು ನಿಮಗೆ ಕಲಿಸಿದವರು ಯಾವತ್ತಾದರೂ ಕೂತು ಕೇಳಿದ್ದಾರಾ?" ಅವರು ನನ್ನ ಮುಖವನ್ನೇ ನೋಡಿದರು, ಆಮೇಲೆ "ಇಲ್ಲ" ಅಂದರು. ಹನ್ನೊಂದರಲ್ಲಿ ಒಂದು ಕಡೆಯೂ ಅಂಥದ್ದು ನಡೆದಿರಲಿಲ್ಲ.

ಅವರನ್ನು ಬೈಯುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಪಾಪ, ದುಡ್ಡು ಕಟ್ಟಿ, ಬಸ್ಸಿನಲ್ಲಿ ಓಡಾಡಿ ಕಲಿತವರು ಅವರು. ನನ್ನ ತಕರಾರು ನಾವು ತರಬೇತಿ ಅಂತ ಯಾವುದನ್ನು ಕರೆಯುತ್ತಿದ್ದೇವೆ ಅನ್ನುವುದರ ಬಗ್ಗೆ.

ಇದನ್ನು ಈಗಲೇ ಮಾತಾಡಬೇಕು. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್, ವಿಶಾಖಪಟ್ಟಣದಲ್ಲಿ ನೀಟ್ ಕೋಚಿಂಗ್‌ಗೆ ಹೋಗಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ, ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೂ ಮಾರ್ಗಸೂಚಿ ಕೊಟ್ಟಿತು. 100 ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಕಡೆ ಕಡೇಪಕ್ಷ ಒಬ್ಬ ಸಮಾಲೋಚಕರೋ, ಮನಶ್ಶಾಸ್ತ್ರಜ್ಞರೋ, ಸಮಾಜ ಕಾರ್ಯಕರ್ತರೋ ಇರಲೇಬೇಕು, ಅವರಿಗೆ ಮಕ್ಕಳ ಮತ್ತು ಹದಿಹರೆಯದವರ ಮನಸ್ಸಿನ ಆರೋಗ್ಯದಲ್ಲಿ ತೋರಿಸಬಹುದಾದಂಥ ತರಬೇತಿ ಆಗಿರಬೇಕು ಅಂತ ಅದರಲ್ಲಿದೆ. ಒಳ್ಳೆಯ ಮಾತು. ಆದರೆ ತರಬೇತಿಯನ್ನು ತೋರಿಸುವುದು ಹೇಗೆ? ನಮ್ಮ ಆಡಳಿತ ಮಂಡಳಿಗಳಿಗೆ ಗೊತ್ತಿರುವುದು ಒಂದೇ ದಾರಿ, ಜೆರಾಕ್ಸ್ ಕಾಪಿ. ಆದೇಶ ಬಂದ ಮೇಲೆ ನನ್ನ ವಾಟ್ಸ್‌ಆ್ಯಪ್‌ಗೆ ಇಂಥ ಕೋರ್ಸ್‌ಗಳ ಜಾಹೀರಾತು ಬರುವುದು ಜಾಸ್ತಿಯೇ ಆಗಿದೆ.

ನನ್ನದೇ ಕಥೆ ಹೇಳುತ್ತೇನೆ. ಪಿಜಿ ಡಿಪ್ಲೊಮಾ ಮಾಡುವಾಗ ನನಗೂ ನಾನು ಚೆನ್ನಾಗಿ ಮಾತಾಡಿಸುತ್ತೇನೆ ಅನ್ನುವ ನಂಬಿಕೆ ಇತ್ತು. ಥಿಯರಿ ಪೇಪರ್‌ನಲ್ಲಿ ಕ್ಲಾಸಿಗೇ ಮೊದಲು. ನಮ್ಮ ಗೈಡ್ ಮೇಡಂ ಒಂದು ಸಮಾಲೋಚನೆಯ ಮಾತುಕತೆ ರೆಕಾರ್ಡ್ ಮಾಡಿ ತರಲು ಹೇಳಿದರು. ಒಬ್ಬ ಹುಡುಗಿ ಒಪ್ಪಿದಳು, ಮನೆಯವರ ಒಪ್ಪಿಗೆಯನ್ನೂ ಬರೆಸಿಕೊಂಡೆ. 45 ನಿಮಿಷದ ಮಾತು. ಅದನ್ನು ಮೇಡಂ ಮುಂದೆ ಹಾಕಿದಾಗ ನಾಲ್ಕನೇ ನಿಮಿಷಕ್ಕೇ ನನಗೆ ಬೆವರು. ಹುಡುಗಿ ಅಂದಿದ್ದಳು, "ಮನೆಗೆ ಹೋಗೋಕೇ ಮನಸ್ಸಾಗಲ್ಲ ಮಿಸ್." ನಾನು ತಕ್ಷಣ, "ಹಾಗೆಲ್ಲ ಅನ್ಕೋಬಾರದಮ್ಮ, ಅಪ್ಪ ಅಮ್ಮ ನಿನಗೋಸ್ಕರ ಎಷ್ಟು ಕಷ್ಟಪಡ್ತಾರೆ" ಅಂತ ಶುರು ಮಾಡಿ, ಟೈಮ್‌ಟೇಬಲ್ ಹಾಕಿಕೊಳ್ಳುವುದು, ಬೆಳಿಗ್ಗೆ ಬೇಗ ಏಳುವುದು, ಮೊಬೈಲ್ ದೂರ ಇಡುವುದು, ಹೀಗೆ ಆರು ನಿಮಿಷ ಒಂದೇ ಸಮನೆ ಮಾತಾಡಿದ್ದೆ. ಹುಡುಗಿ "ಹೂಂ ಮಿಸ್" ಅಂದಳು. ಆಮೇಲೆ ಉದ್ದಕ್ಕೂ ಹೂಂ. ಮೇಡಂ ಪೆನ್ಸಿಲ್ ಹಿಡಿದು ಎಣಿಸಿದರು. ಹದಿನಾಲ್ಕು ಹೂಂ. ಟೇಪ್ ನಿಲ್ಲಿಸಿ ಕೇಳಿದರು, "ಮನೆಗೆ ಹೋಗೋಕೆ ಮನಸ್ಸಿಲ್ಲ ಅಂದಳಲ್ಲ, ಆ ಹುಡುಗಿ ಎಲ್ಲಿ ಹೋದಳು?"

ಅವತ್ತು ಕಲಿತಷ್ಟು ಎರಡು ವರ್ಷದ ಕ್ಲಾಸಿನಲ್ಲಿ ಕಲಿತಿರಲಿಲ್ಲ.

ಇದು ನನ್ನೊಬ್ಬಳ ಅನುಭವ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಸಮಾಲೋಚನೆಯ ಬಗ್ಗೆ ನಡೆದ ಸಂಶೋಧನೆಯೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ರೋಜರ್ಸ್ ಅನ್ನುವ ಮನಶ್ಶಾಸ್ತ್ರಜ್ಞ 1940ರ ಸುಮಾರಿಗೆ ಸಮಾಲೋಚನೆಯ ಮಾತುಕತೆಗಳನ್ನು ಗ್ರಾಮಫೋನ್ ತಟ್ಟೆಗಳ ಮೇಲೆ ರೆಕಾರ್ಡ್ ಮಾಡಿಸಲು ಶುರು ಮಾಡಿದರು. ಆಗಾಗ ತಟ್ಟೆ ಬದಲಿಸುತ್ತಾ ಕೂರಬೇಕಾಗಿದ್ದ ಕಾಲ ಅದು. ಅಲ್ಲಿವರೆಗೆ ಮುಚ್ಚಿದ ಬಾಗಿಲ ಹಿಂದೆ ಏನು ನಡೆಯಿತು ಅನ್ನುವುದಕ್ಕೆ ಸಮಾಲೋಚಕರ ನೆನಪೇ ಆಧಾರ. ನೆನಪು ನಮ್ಮ ಕಡೆಗೇ ವಾಲುತ್ತದೆ, ಅಲ್ವಾ? ರೋಜರ್ಸ್ ಅವರ ಜೊತೆ ಇದ್ದ ಪೋರ್ಟರ್ ಅನ್ನುವವರು ಆ ರೆಕಾರ್ಡಿಂಗ್‌ಗಳಲ್ಲಿ ಯಾರು ಎಷ್ಟು ಪದ ಆಡಿದರು ಅಂತ ಲೆಕ್ಕ ಹಾಕಿದರು. ಒಂದು ಕಡೆ, ಸಹಾಯ ಕೇಳಿ ಬಂದವರೇ ಸಮಾಲೋಚಕರಿಗಿಂತ ಏಳು ಪಟ್ಟು ಮಾತಾಡಿದ್ದರು. ಇನ್ನೊಂದು ಕಡೆ, ಸಮಾಲೋಚಕರೇ ಬಂದವರಿಗಿಂತ ನಾಲ್ಕು ಪಟ್ಟು ಮಾತಾಡಿದ್ದರು. ಇಬ್ಬರೂ ಮಾಡಿದ್ದಕ್ಕೆ ಹೆಸರು ಮಾತ್ರ ಒಂದೇ, ಸಮಾಲೋಚನೆ.

ಅನುಭವ ಆದ ಹಾಗೆಲ್ಲ ತಾನೇ ಬರುತ್ತದೆ ಅನ್ನುವವರಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. 2016ರಲ್ಲಿ ಗೋಲ್ಡ್‌ಬರ್ಗ್ ಮತ್ತು ಜೊತೆಗಾರರು ಅಮೆರಿಕದ ಒಂದು ದೊಡ್ಡ ವಿಶ್ವವಿದ್ಯಾಲಯದ ಸಮಾಲೋಚನಾ ಕೇಂದ್ರದ 170 ಚಿಕಿತ್ಸಕರ ಕೆಲಸವನ್ನು ವರ್ಷಗಳ ಉದ್ದಕ್ಕೂ ನೋಡಿದರು. ಅವರ ಹತ್ತಿರ ಬಂದವರು 6,500ಕ್ಕೂ ಹೆಚ್ಚು ಜನ. ಒಟ್ಟಾರೆ ನೋಡಿದರೆ ವರ್ಷ ಕಳೆದ ಹಾಗೆ ಅವರ ಫಲಿತಾಂಶ ಸುಧಾರಿಸಿರಲಿಲ್ಲ, ಕೂದಲೆಳೆಯಷ್ಟು ಕೆಳಗೇ ಇಳಿದಿತ್ತು. ಕೆಲವರು ಸುಧಾರಿಸಿದ್ದರು, ನಿಜ. ಆದರೆ ಸುಮ್ನೆ ವರ್ಷ ಕಳೆದಿದ್ದಕ್ಕೆ ಯಾರೂ ಪಳಗುವುದಿಲ್ಲ. ಇನ್ನೊಂದು ಕಡೆ, ವಾಲ್ಫಿಶ್ ಅನ್ನುವವರು 2012ರಲ್ಲಿ 129 ಮಂದಿ ವೃತ್ತಿಪರರನ್ನು, ನಿಮ್ಮಂಥವರಿಗೆ ಹೋಲಿಸಿದರೆ ನೀವು ಹೇಗೆ ಅಂತ ಕೇಳಿದರು. ನಾಲ್ಕರಲ್ಲಿ ಒಬ್ಬರು ತಾವು ಮೇಲಿನ ಹತ್ತು ಪರ್ಸೆಂಟ್‌ನಲ್ಲಿ ಇದ್ದೇವೆ ಅಂದರು. ಸರಾಸರಿಗಿಂತ ಕೆಳಗಿದ್ದೇನೆ ಅಂದವರು ಒಬ್ಬರೂ ಇಲ್ಲ! ನಗು ಬರುತ್ತದೆ. ಆದರೆ ಆ ಟೇಪ್ ಕೇಳುವವರೆಗೆ ನನ್ನನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದೆ.

ಎರಡು ದಿನದ ಕಾರ್ಯಾಗಾರಗಳ ವಿಷಯಕ್ಕೆ ಬರೋಣ. 2004ರಲ್ಲಿ ವಿಲಿಯಂ ಮಿಲ್ಲರ್ ತಂಡ ಕುಡಿತ ಮತ್ತು ಮಾದಕ ವಸ್ತುಗಳ ಚಿಕಿತ್ಸೆ ಕೊಡುವ 140 ಮಂದಿಯನ್ನು ಬೇರೆ ಬೇರೆ ಗುಂಪು ಮಾಡಿತು. ಒಂದು ಗುಂಪಿಗೆ ಬರೀ ಕಾರ್ಯಾಗಾರ. ಬೇರೆ ಗುಂಪುಗಳಿಗೆ ಕಾರ್ಯಾಗಾರದ ಮೇಲೆ, ಅವರು ಕಳಿಸಿದ ರೆಕಾರ್ಡಿಂಗ್ ಕೇಳಿ ಇಲ್ಲಿ ಹೀಗೆ ಮಾಡಿದ್ದೀರಿ ಅನ್ನುವ ವರದಿ, ಇಲ್ಲವೇ ಫೋನಿನಲ್ಲಿ ಕೂತು ತಿದ್ದುವುದು, ಇಲ್ಲವೇ ಎರಡೂ. ಬರೀ ಕಾರ್ಯಾಗಾರಕ್ಕೆ ಹೋದವರು ಕಲಿತದ್ದು ಕೆಲವೇ ತಿಂಗಳಲ್ಲಿ ಜಾರಿಹೋಯಿತು. ಯಾರಾದರೂ ಕೇಳಿ ತಿದ್ದಿದವರಲ್ಲಿ ಉಳಿಯಿತು. ಈಜು ಕಲಿಸುವವರು ದಡದಲ್ಲಿ ಕೂತು ಪಾಠ ಮಾಡಿ ಮನೆಗೆ ಹೋದರೆ ಹೇಗೋ, ಬರೀ ಕಾರ್ಯಾಗಾರವೂ ಹಾಗೆ.

ಹಾಗಾದರೆ ಎಲ್ಲರಿಗೂ ಎಂ.ಫಿಲ್., ಪಿಎಚ್‌.ಡಿ. ಬೇಕಾ? ಬೇಡ. ನಾನು ಹೇಳುವುದು ಇಲ್ಲಿ ಸ್ವಲ್ಪ ಉಲ್ಟಾ. 1979ರಲ್ಲಿ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಸ್ಟ್ರಪ್ ಮತ್ತು ಹ್ಯಾಡ್ಲಿ ಒಂದಷ್ಟು ವಿದ್ಯಾರ್ಥಿಗಳನ್ನು ನುರಿತ ಚಿಕಿತ್ಸಕರ ಹತ್ತಿರ ಕಳಿಸಿದರು, ಒಂದಷ್ಟು ವಿದ್ಯಾರ್ಥಿಗಳನ್ನು ಸ್ನೇಹದಿಂದ ಮಾತಾಡಿಸುವ ಗುಣದ ಕಾಲೇಜು ಮೇಷ್ಟ್ರುಗಳ ಹತ್ತಿರ. ಸರಾಸರಿ ತೆಗೆದರೆ ಎರಡು ಗುಂಪಿನ ಸುಧಾರಣೆಯಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಇದನ್ನು ಹಿಡಿದುಕೊಂಡು ತರಬೇತಿಯೇ ಬೇಡ ಅನ್ನುವವರು ಇದ್ದಾರೆ. ಅವರು ಪಕ್ಕದ ಗೋವಾ ನೋಡಬೇಕು. ಅಲ್ಲಿ ಸಂಗಾತ್ ಸಂಸ್ಥೆಯವರು, ವಿಕ್ರಮ್ ಪಟೇಲ್ ಮತ್ತು ಜೊತೆಗಾರರು, ಮನಶ್ಶಾಸ್ತ್ರದ ಹಿನ್ನೆಲೆಯೇ ಇಲ್ಲದ ಸಾಮಾನ್ಯ ಜನರನ್ನು ಆರಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರುವ ತೀವ್ರ ಖಿನ್ನತೆಯ ರೋಗಿಗಳ ಜೊತೆ ಆರರಿಂದ ಎಂಟು ಸಲ ಕೂತು ಮಾತಾಡುವುದನ್ನು ಕಲಿಸಿದರು. 2017ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಫಲಿತಾಂಶದಲ್ಲಿ, ಆ ಮಾತುಕತೆ ಸಿಕ್ಕವರು ಸಿಗದವರಿಗಿಂತ ಚೆನ್ನಾಗಿ ಚೇತರಿಸಿಕೊಂಡಿದ್ದರು.

ಸುದ್ದಿಯಲ್ಲಿ 'ಸಾಮಾನ್ಯ ಜನರೇ ಸಾಕು' ಅನ್ನುವುದಷ್ಟೇ ಬರುತ್ತದೆ. ಒಳಗಿನ ವಿಷಯ ಯಾರೂ ಬರೆಯುವುದಿಲ್ಲ. ಆ ಸಮಾಲೋಚಕರು ವಾರವಾರ ಗುಂಪಾಗಿ ಕೂತು ಒಬ್ಬರ ರೆಕಾರ್ಡಿಂಗ್ ಇನ್ನೊಬ್ಬರು ಕೇಳಿ, ಒಂದು ಪಟ್ಟಿ ಇಟ್ಟುಕೊಂಡು ಅಂಕ ಹಾಕುತ್ತಿದ್ದರು. ಡಿಗ್ರಿ ಇಲ್ಲದೆ ನಡೆಯಿತು, ಆದರೆ ಆ ವಾರದ ಕೂಟ ಇತ್ತು. ನಮ್ಮ ಕಡೆ ನೋಡಿ, ಡಿಗ್ರಿ ಇರುತ್ತದೆ, ಕೂಟ ಇಲ್ಲ.

ನಮ್ಮಲ್ಲಿ ಇದಕ್ಕೆ ಸರಿಯಾದ ಪದವೇ ಇಲ್ಲದಿರುವುದೂ ಒಂದು ಕಾರಣ ಇರಬಹುದು. ಸೂಪರ್‌ವಿಷನ್ ಅಂದರೆ ಮೇಲ್ವಿಚಾರಣೆ ಅನ್ನುತ್ತೇವೆ. ಆ ಮಾತು ಕಿವಿಗೆ ಬಿದ್ದರೆ ಇಲಾಖೆಯವರು ಬಂದು ಹಾಜರಿ ಪುಸ್ತಕ ತಿರುವಿಹಾಕುವುದು ನೆನಪಾಗುತ್ತದೆ. ಇಲ್ಲಿ ಬೇಕಾಗಿರುವುದು ಸಂಗೀತದ ಮೇಷ್ಟ್ರು ಪಕ್ಕದಲ್ಲಿ ಕೂತು ಕೇಳುವ ಥರದ್ದು. ಆಪ್ತ ಸಲಹೆ ಅನ್ನುವ ಪದವೂ ಹಾಗೇ, ಅದರೊಳಗೇ ಸಲಹೆ ಕೂತಿದೆ. ಅಪ್ಪ ಅಮ್ಮ ಮಗನನ್ನು ಕರೆದುಕೊಂಡು ಬಂದು, "ಸ್ವಲ್ಪ ಬುದ್ಧಿ ಹೇಳಿ ಮೇಡಂ" ಅಂತ ಬಿಟ್ಟು ಹೋಗುವುದು ಸುಮ್ಮನೆ ಅಲ್ಲ.

ಭಾಷೆ ವಿಷಯ ಬಂತು, ಇನ್ನೂ ಸ್ವಲ್ಪ ಹೇಳಿಬಿಡುತ್ತೇನೆ. ನಾವು ಓದುವ ಪುಸ್ತಕ ಇಂಗ್ಲಿಷಿನದು, ಕ್ಲಾಸಿನಲ್ಲಿ ಆಡುವ ನಾಟಕವೂ ಇಂಗ್ಲಿಷಿನದು, ಎದುರಿಗೆ ಬಂದು ಕೂರುವ ಮಗು ಮಾತ್ರ ಕನ್ನಡದ್ದು. ಪುಸ್ತಕದಲ್ಲಿ ಇರುವ ಪ್ರಶ್ನೆಯನ್ನು ಕನ್ನಡ ಮಾಡಿ "ಆಗ ನಿನಗೆ ಏನನ್ನಿಸಿತು?" ಅಂತ ಕೇಳಿ ನೋಡಿ. "ಅಪ್ಪ ಮಾಡಿದ್ದು ತಪ್ಪು ಅನ್ನಿಸ್ತು" ಅಂತ ಅಭಿಪ್ರಾಯ ಬರುತ್ತದೆ. "ಆಗ ಒಳಗೆ ಏನಾಯ್ತು?" ಅಂತ ಕೇಳಿದರೆ, "ಎದೆ ಧಸಕ್ ಅಂತು", "ಹೊಟ್ಟೆಯಲ್ಲಿ ಸಂಕಟ ಆಯ್ತು", "ಕೈಕಾಲೇ ಬರಲಿಲ್ಲ" ಅಂತ ಹೇಳುತ್ತಾರೆ. ಅಲ್ಲಿಂದ ಮಾತು ಮುಂದೆ ಹೋಗುತ್ತದೆ. ಇನ್ನು ಬೇಜಾರು. ಬಸ್ ತಪ್ಪಿದರೂ ಬೇಜಾರು, ಕೆಮಿಸ್ಟ್ರಿ ಕ್ಲಾಸೂ ಬೇಜಾರು, ಅಜ್ಜಿ ತೀರಿಕೊಂಡಿದ್ದೂ ಬೇಜಾರು. ಯಾವ ಬೇಜಾರು ಅಂತ ತಿಳಿಯುವುದೇ ಅರ್ಧ ಕೆಲಸ. ಇದನ್ನು ಯಾವ ಪಠ್ಯವೂ ನನಗೆ ಹೇಳಿಕೊಡಲಿಲ್ಲ. ಕನ್ನಡದ ಮಾತನ್ನು ರೆಕಾರ್ಡ್ ಮಾಡಿ, ಕನ್ನಡ ಬಲ್ಲವರ ಜೊತೆ ಕೂತು ಕೇಳಿದಾಗಲೇ ಗೊತ್ತಾಗಿದ್ದು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ದಶಕಗಳ ಕಾಲ ಮನಸ್ಸಿನ ವಿಷಯವನ್ನು ತಿಳಿಗನ್ನಡದಲ್ಲಿ ಜನರಿಗೆ ಹೇಳಿದ್ದಾರೆ. ನಮ್ಮ ವಿಶ್ವವಿದ್ಯಾಲಯಗಳ ಮನಶ್ಶಾಸ್ತ್ರ ವಿಭಾಗಗಳು ಅದನ್ನು ಮುಂದುವರಿಸಿ, ಒಪ್ಪಿಗೆ ಪಡೆದು, ಹೆಸರು ಊರು ಅಳಿಸಿ, ಕನ್ನಡ ಸಮಾಲೋಚನೆಯ ಮಾತುಕತೆಗಳನ್ನು ಕಲಿಯುವವರಿಗೆ ಕೊಡಬಾರದೇಕೆ? ನಾಲ್ಕು ಪಿಎಚ್‌.ಡಿ.ಗಳಿಗೆ ಆಗುವಷ್ಟು ಕೆಲಸ ಇಲ್ಲೇ ಇದೆ. ಬಳ್ಳಾರಿ ಹುಡುಗನ ಬೇಜಾರಿಗೂ ಪುತ್ತೂರಿನ ಹುಡುಗಿಯ ಬೇಜಾರಿಗೂ ಇರುವ ವ್ಯತ್ಯಾಸವನ್ನೇ ಒಬ್ಬರು ಬರೆಯಬಹುದು.

ಕಾನೂನಿನ ಕಥೆ ಚಿಕ್ಕದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್, ನರ್ಸ್, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ಹೆಸರಿಸುತ್ತದೆ, ಸಮಾಲೋಚಕರನ್ನು ಹೆಸರಿಸುವುದಿಲ್ಲ. 2021ರ ಸಹವೈದ್ಯಕೀಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯ ಪಟ್ಟಿಯಲ್ಲಿ ನಮ್ಮಂಥವರಿಗೂ ಜಾಗ ಸಿಕ್ಕಿತು. ಹಾಗಾಗಿ ಯಾರಿಗೆ ಎಷ್ಟು ಗಂಟೆ ತರಬೇತಿ ಬೇಕು ಅಂತ ನಿಯಮ ಮಾಡುವಾಗ ಒಂದು ಬೇಡಿಕೆ. ಕ್ಲಾಸಿನ ಗಂಟೆಗಳನ್ನು ಎಷ್ಟಾದರೂ ಬರೆದುಕೊಳ್ಳಿ. ಅದರ ಪಕ್ಕದಲ್ಲಿ, ಇನ್ನೊಬ್ಬರು ಕೇಳಿ ತಿದ್ದಿದ ಗಂಟೆ ಎಷ್ಟು ಅನ್ನುವ ಒಂದು ಕಾಲಂ ಇರಲಿ.

ಗುಟ್ಟು ಹೊರಬೀಳುವುದಿಲ್ಲವಾ ಅಂತ ಕೇಳುತ್ತಾರೆ. ಸರಿಯಾದ ಭಯವೇ. ಅದಕ್ಕೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಬಾರದು, ಬೇರೆ ರೆಕಾರ್ಡರ್ ಬೇಕು. ಬರೆದು ಕೊಟ್ಟ ಒಪ್ಪಿಗೆ ಬೇಕು, ಕೇಳಿದ ಮೇಲೆ ಅಳಿಸಬೇಕು, ಬೇಡ ಅಂದ ಮಗುವಿಗೆ ಎರಡನೇ ಸಲ ಒತ್ತಾಯ ಮಾಡಬಾರದು. ಬೇಡ ಅಂದವರು ನನ್ನ ಅನುಭವದಲ್ಲಿ ಕಡಿಮೆ. ಒಬ್ಬ ಹುಡುಗನಂತೂ, "ನಿಮಗೂ ಪರೀಕ್ಷೆ ಇದೆಯಾ ಮಿಸ್?" ಅಂತ ಖುಷಿಪಟ್ಟ.

ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ಮಾಡಿದ ಸಮೀಕ್ಷೆಯ ಪ್ರಕಾರ ಬೇರೆ ಬೇರೆ ಮಾನಸಿಕ ತೊಂದರೆ ಇರುವವರಲ್ಲಿ ನೂರಕ್ಕೆ 70ರಿಂದ 92ರಷ್ಟು ಜನಕ್ಕೆ ಚಿಕಿತ್ಸೆ ಸಿಗುತ್ತಿರಲಿಲ್ಲ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಇದೆ, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ನಮ್ಮ ಕಾಲೇಜಿನ ಪ್ರತಿ ನೋಟಿಸ್ ಬೋರ್ಡ್‌ನಲ್ಲೂ ಅಂಟಿಸಿದ್ದೇನೆ. ಇಷ್ಟು ದೊಡ್ಡ ಕೊರತೆ ಇರುವಾಗ ಸಮಾಲೋಚಕರು ಜಾಸ್ತಿ ಬೇಕು, ಬೇಗ ಬೇಕು, ಒಪ್ಪುತ್ತೇನೆ. ಅದಕ್ಕೇ ಹನ್ನೊಂದು ಸರ್ಟಿಫಿಕೇಟ್‌ನವರನ್ನೇ ತೆಗೆದುಕೊಳ್ಳಿ ಅಂತ ನಾನೇ ಪ್ರಿನ್ಸಿಪಾಲರಿಗೆ ಹೇಳಿದೆ. ಸಂದರ್ಶನದಲ್ಲಿ ಆ ಪ್ರಶ್ನೆಗೆ "ಇಲ್ಲ" ಅಂತ ನೇರವಾಗಿ ಹೇಳಿದ್ದು ಅವರೊಬ್ಬರೇ. ಉಳಿದವರು ಏನೇನೋ ಸುತ್ತಿಬಳಸಿ ಹೇಳಿದ್ದರು.

ಈಗ ಹದಿನೈದು ದಿನಕ್ಕೊಮ್ಮೆ ಶನಿವಾರ ಮಧ್ಯಾಹ್ನ ನಾವಿಬ್ಬರು, ಪಕ್ಕದ ಕಾಲೇಜಿನ ಇನ್ನೊಬ್ಬರು, ಲೈಬ್ರರಿ ಹಿಂದಿನ ಕೋಣೆಯಲ್ಲಿ ಕೂರುತ್ತೇವೆ. ಒಂದು ಸಲ ಅವರದ್ದು, ಒಂದು ಸಲ ನನ್ನದು. ಅವರ ಮೊದಲ ರೆಕಾರ್ಡಿಂಗ್‌ನಲ್ಲಿ ಹೂಂ ಒಂಬತ್ತು. ಅವರ ಮುಖ ಸಣ್ಣದಾಯಿತು, ನನ್ನ ಹದಿನಾಲ್ಕರ ಕಥೆ ಹೇಳಿದೆ. ಹೋದ ಶನಿವಾರ ನನ್ನ ಸರದಿ, ಏಳು ವರ್ಷದ ಅನುಭವಸ್ಥೆಯದ್ದು. ಆರು ಬಂತು. ರೆಕಾರ್ಡರ್ ಕೊಂಡಿದ್ದು ಸದ್ಯಕ್ಕೆ ನನ್ನ ದುಡ್ಡಿನಲ್ಲಿ. ಬಿಲ್ ಆಫೀಸಿಗೆ ಕೊಟ್ಟಿದ್ದೇನೆ, ಯಾವ ಹೆಡ್‌ನಲ್ಲಿ ಹಾಕಬೇಕು ಅಂತ ಅವರಿಗೆ ಇನ್ನೂ ಗೊತ್ತಾಗಿಲ್ಲ.

— ಪಿಯು ಕಾಲೇಜೊಂದರ ಆಪ್ತ ಸಮಾಲೋಚಕಿ, ಚಿತ್ರದುರ್ಗ