ಸ್ಟೋಮಾ ಸುತ್ತಲಿನ ಚರ್ಮಕ್ಕೂ ಆರೈಕೆ ಸಿಗಲಿ

ಮಾನ್ಯ ಸಂಪಾದಕರೇ,

ದೊಡ್ಡ ಕರುಳಿನ ಕ್ಯಾನ್ಸರ್, ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಒಳಪದರ ಹುಣ್ಣಾಗುವ ಕಾಯಿಲೆ), ಟೈಫಾಯಿಡ್‌ನಿಂದ ಕರುಳು ತೂತು ಬೀಳುವುದು, ಅಪಘಾತದ ಪೆಟ್ಟು ಮುಂತಾದ ಕಾರಣಗಳಿಂದ ಶಸ್ತ್ರಚಿಕಿತ್ಸೆಗೆ ಒಳಗಾಗಿ, ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತೆರೆಸಿಕೊಂಡು, ಅದಕ್ಕೆ ಚೀಲ ಅಂಟಿಸಿ ಬದುಕುವವರು ನಮ್ಮ ನಡುವೆ ಇದ್ದಾರೆ. ನಾನೂ ಅವರಲ್ಲಿ ಒಬ್ಬಳು. ಆ ತೆರಪಿಗೆ ಸ್ಟೋಮಾ ಎನ್ನುತ್ತಾರೆ. ನೋಡುವವರಿಗೆ ಚೀಲವೇ ದೊಡ್ಡ ಕಷ್ಟವೆಂದು ತೋರುತ್ತದೆ. ಚೀಲಕ್ಕೆ ಕಾಲಕ್ರಮದಲ್ಲಿ ಕೈಯೂ ಮನಸ್ಸೂ ಒಗ್ಗುತ್ತವೆ. ಆದರೆ ಅದರ ಸುತ್ತಲಿನ ಚರ್ಮ ಹುಣ್ಣಾದಾಗಿನ ಉರಿಗೆ ಯಾರೂ ಒಗ್ಗಲಾರರು.

ನನ್ನದು ಇಲಿಯಾಸ್ಟಮಿ, ಅಂದರೆ ಸಣ್ಣ ಕರುಳಿನ ಕೊನೆಯ ಭಾಗದಿಂದ ತೆರೆದದ್ದು. ಅಲ್ಲಿಂದ ಬರುವ ಮಲ ನೀರಾಗಿರುತ್ತದೆ, ಮತ್ತು ಆಹಾರವನ್ನು ಅರಗಿಸುವ ಕಿಣ್ವಗಳು ಅದರಲ್ಲಿ ಇನ್ನೂ ಸಕ್ರಿಯವಾಗಿರುವುದರಿಂದ ಸೋರಿದ ಕಡೆಯೆಲ್ಲ ಚರ್ಮವನ್ನು ತಿನ್ನತೊಡಗುತ್ತದೆ. ಚರ್ಮ ಹಸಿಯಾದರೆ ಬೇಸ್ ಪ್ಲೇಟ್, ಅಂದರೆ ಚೀಲವನ್ನು ಹೊಟ್ಟೆಗೆ ಹಿಡಿದಿಡುವ ಅಂಟುಬಿಲ್ಲೆ, ಅಂಟುವುದಿಲ್ಲ. ಅಂಟದಿದ್ದರೆ ಮತ್ತೆ ಸೋರುತ್ತದೆ. ಸೋರಿದಷ್ಟೂ ಹುಣ್ಣು ಹರಡುತ್ತದೆ. ಈ ವಿಷಚಕ್ರಕ್ಕೆ ಸಿಕ್ಕವರು ಬಸ್ಸು ಹತ್ತಲು, ಮದುವೆಗೆ ಹೋಗಲು, ಕೊನೆಗೆ ಹೊಟ್ಟೆ ತುಂಬ ಉಣ್ಣಲೂ ಹೆದರುತ್ತಾರೆ.

ಇದು ಸ್ಟೋಮಾದ ಜೊತೆಗೆ ಬರಲೇಬೇಕಾದ ಸಂಕಟ ಎಂದು ರೋಗಿಗಳು ನಂಬಿರುವುದೇ ನನಗೆ ಅತ್ಯಂತ ನೋವಿನ ಸಂಗತಿ. ಸ್ಟೋಮಾದ ಸುತ್ತಲಿನ ಚರ್ಮ ಹೊಟ್ಟೆಯ ಇನ್ನೊಂದು ಬದಿಯ ಚರ್ಮದಂತೆಯೇ ಇರಬೇಕು. ಹಾಗಿಲ್ಲವೆಂದರೆ ಅದಕ್ಕೊಂದು ಕಾರಣವಿದೆ, ಹೆಚ್ಚಿನ ಸಂದರ್ಭಗಳಲ್ಲಿ ಪರಿಹಾರವೂ ಇದೆ. ಶಸ್ತ್ರಚಿಕಿತ್ಸೆಯ ನಂತರದ ಆರರಿಂದ ಎಂಟು ವಾರಗಳಲ್ಲಿ ಸ್ಟೋಮಾದ ಊತ ಇಳಿದು ಅದರ ಅಳತೆ ಕುಗ್ಗುತ್ತದೆ. ಆಸ್ಪತ್ರೆಯಲ್ಲಿ ಪ್ಲೇಟಿಗೆ ಕತ್ತರಿಸಿಕೊಟ್ಟ ತೂತಿನ ಅಳತೆಯನ್ನೇ ಮುಂದುವರಿಸಿದರೆ ನಡುವೆ ಉಳಿಯುವ ಚರ್ಮ ಮಲಕ್ಕೆ ಒಡ್ಡಿಕೊಳ್ಳುತ್ತದೆ. ಆದ್ದರಿಂದ ಆಗಾಗ ಅಳೆದು, ಸ್ಟೋಮಾಕ್ಕಿಂತ ಸುಮಾರು 2ರಿಂದ 3 ಮಿಲಿಮೀಟರ್ ಮಾತ್ರ ದೊಡ್ಡದಾಗಿ ತೂತು ಕತ್ತರಿಸಬೇಕು. ಚೀಲ ಮೂರನೇ ಒಂದು ಭಾಗ ತುಂಬುವಷ್ಟರಲ್ಲಿ ಖಾಲಿ ಮಾಡಿದರೆ ಅದರ ಭಾರಕ್ಕೆ ಪ್ಲೇಟ್ ಕಳಚುವುದಿಲ್ಲ. ಹಸಿಯಾದ ಚರ್ಮದ ಮೇಲೆ ಸ್ಟೋಮಾ ಪೌಡರ್ ಉದುರಿಸಿ, ಹೆಚ್ಚಾದದ್ದನ್ನು ಕೊಡವಿ, ಅದರ ಮೇಲೆ ಚರ್ಮರಕ್ಷಕ ದ್ರವ ಸವರಿ ಒಣಗಿಸಿದರೆ ಪ್ಲೇಟ್ ಮತ್ತೆ ಹಿಡಿಯುತ್ತದೆ. ಉರಿ ತಡೆಯಲಾರದೆ ಕೊಬ್ಬರಿ ಎಣ್ಣೆ ಹಚ್ಚುವವರು ಬಹಳ. ಎಣ್ಣೆಯ ಮೇಲೆ ಯಾವ ಅಂಟೂ ನಿಲ್ಲುವುದಿಲ್ಲ. ಸ್ಪಿರಿಟ್, ಡೆಟಾಲ್‌ಗಳಂತೂ ಹುಣ್ಣನ್ನು ಕೆಣಕುತ್ತವೆ. ತೊಳೆಯಲು ಸಾದಾ ನೀರು ಸಾಕು.

ಆದರೆ ಎಲ್ಲ ಹುಣ್ಣೂ ಒಂದೇ ಅಲ್ಲ. ಕೆರೆತದೊಂದಿಗೆ ಅಂಚಿನಲ್ಲಿ ಕೆಂಪು ಚುಕ್ಕೆಗಳು ಹರಡಿದರೆ ಶಿಲೀಂಧ್ರ ಸೋಂಕಿರಬಹುದು, ಅದಕ್ಕೆ ಔಷಧ ಬೇರೆ. ಪ್ಲೇಟಿನ ಆಕಾರದಲ್ಲೇ ಚರ್ಮ ಕೆಂಪಾದರೆ ಅಂಟಿನ ಅಲರ್ಜಿ ಇರಬಹುದು. ಸ್ಟೋಮಾ ಒಳಗೆ ಎಳೆದುಕೊಂಡಿದ್ದರೆ ಉಬ್ಬಿದ ಪ್ಲೇಟ್, ಬೆಲ್ಟ್ ಬೇಕಾಗುತ್ತದೆ. ಇದನ್ನು ಕಣ್ಣಾರೆ ನೋಡಿ ತಿಳಿಸಬಲ್ಲವರು ತರಬೇತಿ ಪಡೆದ ಸ್ಟೋಮಾ ನರ್ಸ್‌ಗಳು. ಶಸ್ತ್ರಚಿಕಿತ್ಸೆಗೆ ಮೊದಲೇ ಅವರು ರೋಗಿಯನ್ನು ನಿಲ್ಲಿಸಿ, ಕೂರಿಸಿ, ಬಗ್ಗಿಸಿ ಸ್ಟೋಮಾದ ಜಾಗ ಗುರುತಿಸಿದರೆ ಮುಂದಿನ ಸೋರಿಕೆ ಎಷ್ಟೋ ತಪ್ಪುತ್ತದೆ. ಸೀರೆಯ ನೆರಿಗೆ, ಲಂಗದ ಲಾಡಿ ಎಲ್ಲಿ ಬರುತ್ತದೆ, ನೆಲದ ಮೇಲೆ ಚಕ್ಕಳಮಕ್ಕಳ ಕೂತಾಗ ಹೊಟ್ಟೆ ಎಲ್ಲಿ ಮಡಚುತ್ತದೆ ಎಂಬುದನ್ನು ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿ ಯಾರಾದರೂ ಕೇಳಲೇಬೇಕು. ನನ್ನನ್ನು ಯಾರೂ ಕೇಳಲಿಲ್ಲ. ಮನೆಗೆ ಕಳುಹಿಸುವಾಗ ಚೀಲ ಬದಲಿಸುವುದನ್ನು ಒಮ್ಮೆ ಅವಸರದಲ್ಲಿ ತೋರಿಸಿದರು. ಚರ್ಮದ ಬಗ್ಗೆ ಮಾತೇ ಬರಲಿಲ್ಲ. ಬಹಳ ತಡವಾಗಿ ಹುಬ್ಬಳ್ಳಿಯಲ್ಲಿ ಒಬ್ಬ ನರ್ಸ್ ಸಿಕ್ಕಿ, ನನ್ನ ಹೊಟ್ಟೆಯ ಮಡಿಕೆಯನ್ನು ನೋಡಿ, ಪ್ಲೇಟ್ ಬದಲಿಸಿಕೊಟ್ಟ ಮೇಲೆ ಚರ್ಮ ಮಾಯಿತು.

ಈ ವಿದ್ಯೆ ಹುಟ್ಟಿದ್ದೇ ರೋಗಿಯ ಅನುಭವದಿಂದ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಶಸ್ತ್ರಚಿಕಿತ್ಸಕ ರೂಪರ್ಟ್ ಟರ್ನ್‌ಬುಲ್ ಅವರು 1958ರಲ್ಲಿ ಇತರ ರೋಗಿಗಳ ಆರೈಕೆಗೆ ನೇಮಿಸಿಕೊಂಡ ನಾರ್ಮಾ ಗಿಲ್ ಸ್ವತಃ ಇಲಿಯಾಸ್ಟಮಿ ಆದವರು, ನರ್ಸಿಂಗ್ ಓದಿದವರಲ್ಲ. ಆ ಕಾಲದಲ್ಲಿ ಚರ್ಮ ಕಾಯಲು ಬಳಸುತ್ತಿದ್ದ ಕರಾಯ ಗೋಂದು ಭಾರತದ ಕಾಡುಮರದ್ದು ಎಂಬುದನ್ನು ನೆನೆದಾಗ, ಆ ಆರೈಕೆ ನಮ್ಮ ಜಿಲ್ಲೆಗಳಿಗೆ ತಲುಪದಿರುವುದು ಇನ್ನಷ್ಟು ಬೇಸರ ತರಿಸುತ್ತದೆ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ನರ್ಸ್‌ಗಳಿಗೆ ಈ ತರಬೇತಿ ನಡೆದುಬಂದಿದೆ. ಆಸ್ಟಮಿ (ಸ್ಟೋಮಾ ತೆರೆಯುವ ಶಸ್ತ್ರಚಿಕಿತ್ಸೆ) ಆದವರ ಸಂಘವಾದ ಆಸ್ಟಮಿ ಅಸೋಸಿಯೇಷನ್ ಆಫ್ ಇಂಡಿಯಾ ಕೂಡ ಅದೇ ಊರಿನಲ್ಲಿದೆ. ಹಾವೇರಿಯ ಕೂಲಿಕಾರನೊಬ್ಬ ಚರ್ಮ ಉರಿದಾಗಲೆಲ್ಲ ಮುಂಬೈಗೆ ಹೋಗಲಾರ.

ಆರೋಗ್ಯ ಇಲಾಖೆಯು ಪ್ರತಿ ಜಿಲ್ಲಾಸ್ಪತ್ರೆಯಿಂದ ಕನಿಷ್ಠ ಒಬ್ಬ ನರ್ಸ್ ಅನ್ನು ಈ ತರಬೇತಿಗೆ ಕಳುಹಿಸಿ, ವಾರಕ್ಕೊಂದು ದಿನ ಸ್ಟೋಮಾ ಹೊರರೋಗಿ ವಿಭಾಗ ತೆರೆಯಲಿ. ಹಳೆಯ ರೋಗಿಗಳು ಹೊಸಬರನ್ನು ಕಾಣಲು ಅದೇ ದಿನ ಅವಕಾಶವಿರಲಿ. ಕರೆದರೆ ನಾನು ಬರುತ್ತೇನೆ. ಸ್ಟೋಮಾ ಪೌಡರ್, ಪೇಸ್ಟ್‌ಗಳನ್ನು ಚೀಲದಷ್ಟೇ ಅಗತ್ಯವೆಂದು ಪರಿಗಣಿಸಿ ಬಡರೋಗಿಗಳಿಗೆ ಉಚಿತವಾಗಿ ಒದಗಿಸಲಿ. ನಾನು ಕೊಳ್ಳುವ ಡಬ್ಬಿಗಳೊಳಗಿನ ಸೂಚನಾಪತ್ರದಲ್ಲಿ ಕನ್ನಡದ ಒಂದಕ್ಷರವೂ ಇಲ್ಲ. ವಿಶ್ವ ಆಸ್ಟಮಿ ದಿನ ಅಕ್ಟೋಬರ್‌ನ ಮೊದಲ ಶನಿವಾರ ಬರುತ್ತದೆ. ಅಂದು ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಅಳತೆ, ಅಂಟಿಸುವ ಕ್ರಮ, ಹುಣ್ಣಿನ ಬಗೆಗಳನ್ನು ಚಿತ್ರಸಮೇತ ಪ್ರಕಟಿಸಬೇಕೆಂದು ಕೋರುತ್ತೇನೆ.

– ಓದುಗರೊಬ್ಬರು, ಹಾವೇರಿ ಜಿಲ್ಲೆ