ಅಕ್ಕನಿಗೆ, ಜರ್ಮನಿಯ ಹೈಡೆಲ್‌ಬರ್ಗ್‌ನಿಂದ

ಪ್ರೀತಿಯ ಅಕ್ಕ,

ನಿನ್ನೆ ವಿಡಿಯೋ ಕಾಲ್‌ನಲ್ಲಿ ನಮ್ಮ ಪುಟ್ಟ, ಗೋಡೆ ಹಿಡಿದುಕೊಂಡು ಬಂದದ್ದು ಕಂಡಿತು. ಕೈ ನಡುಗಿ ಚೊಂಬಿನ ನೀರು ಚೆಲ್ಲಿತು. ನೀನು ಸೆರಗಿನಿಂದ ಒರೆಸಿ ಮಾತು ಮುಂದುವರಿಸಿದೆ. ಫೋನಿಟ್ಟ ಮೇಲೆ ನಿದ್ದೆ ಬರಲಿಲ್ಲ.

ಬಸುರಿಯಿದ್ದಾಗ ಗ್ರಹಣದಲ್ಲಿ ನೀನು ಹೊರಗೆ ಬಂದಿದ್ದಕ್ಕೇ ಪುಟ್ಟನಿಗೆ ಹೀಗಾಯಿತು ಅಂತ ನಿಮ್ಮ ಅತ್ತೆ ಇನ್ನೂ ಅನ್ನುತ್ತಾರಲ್ವಾ? ಅಲ್ಲ ಅಕ್ಕ. ಫ್ರೀಡ್ರೈಕ್ ಅಟಾಕ್ಸಿಯಾ ಅನ್ನೋ ಈ ನರದ ಕಾಯಿಲೆ ಬರಬೇಕಾದರೆ ಕೆಟ್ಟ ಜೀನ್ ತಂದೆಯಿಂದ ಒಂದು, ತಾಯಿಯಿಂದ ಒಂದು ಬರಬೇಕು. ನಿನ್ನಲ್ಲಿ, ಭಾವನಲ್ಲಿ ಒಂದೊಂದೇ ಇದೆ, ಅದಕ್ಕೇ ನಿಮಗೇನೂ ಆಗಿಲ್ಲ. ನನ್ನಲ್ಲೂ ಒಂದು ಇರಬಹುದು. ಈ ಕಾಯಿಲೆಯನ್ನು 1863ರಲ್ಲಿ ಮೊದಲು ವಿವರಿಸಿದ ಫ್ರೀಡ್ರೈಕ್ ಇದೇ ಊರಿನ ಡಾಕ್ಟರು.

ಪುಟ್ಟನ ಮೈಯಲ್ಲಿ ಕಮ್ಮಿ ಇರೋದು ಫ್ರಾಟಾಕ್ಸಿನ್ ಅನ್ನೋ ಪ್ರೋಟೀನ್. ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯದೊಳಗೆ ಕಬ್ಬಿಣ, ಗಂಧಕ ಸೇರಿಸಿ ಸಣ್ಣ ಸಣ್ಣ ಗಂಟು ಕಟ್ಟುವ ಕೆಲಸ ನಡೆಯುತ್ತದೆ. ಫ್ರಾಟಾಕ್ಸಿನ್ ಆ ಕೆಲಸಕ್ಕೆ ವೇಗ ಕೊಡುತ್ತದೆ. ಅದು ಸಾಲದಿದ್ದರೆ ಕೆಲಸ ಕುಂಟುತ್ತದೆ, ಕಬ್ಬಿಣ ಸುಮ್ನೆ ಒಳಗೇ ಸೇರಿಕೊಳ್ಳುತ್ತದೆ. ತೋರಣಗಲ್ಲಿನಲ್ಲಿ ಅದಿರಿನ ಲಾರಿ ಹೋದಾಗಲೆಲ್ಲ ಅವ್ವ ಒಣಹಾಕಿದ ಬಿಳಿ ಪಂಚೆ ಮೇಲೆ ಕೆಂಪು ಧೂಳು ಕೂರುತ್ತಿತ್ತಲ್ಲ, ಹಾಗೆ.

ನಮ್ಮ ಕರುಳಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾದಲ್ಲೂ ಇದರ ದಾಯಾದಿ ಒಂದಿದೆ, ಸಯಾ-ವೈ ಅಂತ. ಎರಡರ ಆಕಾರವನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಇಟ್ಟು ನೋಡಿದೆ. ಎರಡರಲ್ಲೂ ಎರಡು ಸುರುಳಿ, ಅವುಗಳಡಿ ಹಾಸಿದ ಚಾಪೆ. ಬ್ಯಾಕ್ಟೀರಿಯಾದ್ದು 106 ಅಮೈನೋ ಆಮ್ಲಗಳ ಸರ, ನಮ್ಮದು ಕತ್ತರಿಸಿ ಸಿದ್ಧವಾದ ಮೇಲೆ 130. ಆದರೆ ಬ್ಯಾಕ್ಟೀರಿಯಾದ್ದು ಗಂಟು ಕಟ್ಟುವ ಕೆಲಸವನ್ನು ತಡೆಯುತ್ತದೆ! ಯಾಕೆ ಅಂತ 2012ರಲ್ಲಿ ವಿಜ್ಞಾನಿಗಳು ಎರಡೂ ಕಡೆಯ ಪ್ರೋಟೀನ್‌ಗಳನ್ನು ಅದಲುಬದಲು ಮಾಡಿ ನೋಡಿದ್ದಾರೆ. ವೇಗ ಕೊಡೋದು, ತಡೆಯೋದು ಪಕ್ಕದಲ್ಲಿ ಗಂಧಕ ಒದಗಿಸುವ ಕಿಣ್ವ ಮನುಷ್ಯನದ್ದೋ ಬ್ಯಾಕ್ಟೀರಿಯಾದ್ದೋ ಅನ್ನುವುದರ ಮೇಲೆ ನಿಂತಿದೆಯಂತೆ. ನನಗಂತೂ ಮೈ ಜುಮ್ಮೆಂದಿತು. ಅದಕ್ಕೇ ಬ್ಯಾಕ್ಟೀರಿಯಾದಲ್ಲಿ ಕಂಡದ್ದನ್ನು ಹಾಗೇ ಪುಟ್ಟನಿಗೆ ಹೊಂದಿಸೋಕಾಗಲ್ಲ. ನಾನು ಔಷಧಿ ಕಂಡುಹಿಡಿಯುತ್ತಿದ್ದೇನೆ ಅಂತ ಭಾವ ಊರವರಿಗೆ ಹೇಳೋದು ಬೇಡ. ಈ ಕಾಯಿಲೆಗೆ ಅಂತಲೇ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಮೊದಲ ಔಷಧಿಯೂ 16 ತುಂಬಿದವರಿಗೆ, ಅದೂ ಕಾಯಿಲೆಯ ಓಟ ನಿಧಾನ ಮಾಡೋಕೆ.

ನೀನು ಮಾಡಬೇಕಾದ್ದು ಒಂದಿದೆ. ಈ ಕಾಯಿಲೆ ಹೃದಯಕ್ಕೂ ಬರುತ್ತದೆ. ಪ್ರತಿ ವರ್ಷ ಬಳ್ಳಾರಿಗೆ ಕರೆದುಕೊಂಡು ಹೋಗಿ ಇಸಿಜಿ, ಎಕೋ ಮಾಡಿಸು. ಶುಗರ್ ಕೂಡ ನೋಡಿಸು. ಬಸ್ಸಿನಲ್ಲಿ ಬೇಡ, ಆಟೋ ಮಾಡಿಕೋ, ದುಡ್ಡು ಹಾಕಿದ್ದೇನೆ.

ಪುಟ್ಟನಿಗೆ ಮುಚ್ಚಳ ಇರುವ, ಎರಡು ಹಿಡಿಯ ಲೋಟ ಕೊಂಡಿದ್ದೇನೆ. ದೀಪಾವಳಿಗೆ ಬರುವಾಗ ತರುತ್ತೇನೆ.

ನಿನ್ನ ತಮ್ಮ